‘ಕೋವಿ ಒರೆಸುವಾಗ ಸಿಡೀತು’ ಅಂತ ಹೇಳಬೇಡಿ

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿರುವವರು) ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ ಮಾಡುತ್ತೇವೆ, ಮಕ್ಕಳಿಗೆ ಗುರಿ ಇಡೋದು ಕಲಿಸುತ್ತೇವೆ. ಮನೆಗೆ ನುಗ್ಗಿದವನ ಮೇಲೆ ಗುಂಡು ಹಾರಿಸಬೇಕಾಗಿ ಬಂದರೆ, ಆಮೇಲೆ ಪೊಲೀಸರಿಗೆ ಏನು ಹೇಳಬೇಕು ಅನ್ನೋದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಕೊಡಗಿನಲ್ಲಿ ವಕೀಲಿಕೆ ಮಾಡುವವಳಾಗಿ ಅದನ್ನೇ ಬರೆಯುತ್ತಿದ್ದೇನೆ.

ಮೊನ್ನೆ ಮಳೆಗಾಲದಲ್ಲಿ ಒಂದು ತೋಟದ ಮನೆಯಿಂದ ರಾತ್ರಿ ಫೋನ್ ಬಂತು. ಹಿಂಬಾಗಿಲು ಒಡೆದು ಇಬ್ಬರು ಒಳಗೆ ಬಂದಿದ್ದರು. ಒಬ್ಬ ಕತ್ತಿ ಬೀಸಿದ, ಯಜಮಾನರ ಎಡಗೈಗೆ ಏಟು ಬಿತ್ತು. ಅವರು ಹಾರಿಸಿದ ಗುಂಡು ಅವನ ತೊಡೆಗೆ ಹೊಕ್ಕಿತು. ಇನ್ನೊಬ್ಬ ಓಡಿಹೋದ. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸ್ ಗಾಯಾಳುವನ್ನು ಕರೆದೊಯ್ದಿತ್ತು. ನೆಂಟರೆಲ್ಲ ಸೇರಿದ್ದರು, ನೆಲದ ರಕ್ತ ತೊಳೆಯಲು ಯಾರೋ ಬಕೆಟ್ ತಂದಿದ್ದರು. ಹಿರಿಯರೊಬ್ಬರು ಹೇಳುತ್ತಿದ್ದರು: “ಕೋವಿ ಒರೆಸ್ತಾ ಇದ್ದೆ, ಸಿಡೀತು ಅಂದುಬಿಡು ಮಾರಾಯ. ಕೇಸು ಹಗುರಾಗುತ್ತೆ.”

ಹಗುರಾಗುವುದಿಲ್ಲ, ಕೆಟ್ಟುಹೋಗುತ್ತದೆ. ಆತ್ಮರಕ್ಷಣೆ ಅಂದರೆ ‘ನಾನೇ ಹಾರಿಸಿದೆ, ಬೇರೆ ದಾರಿ ಇರಲಿಲ್ಲ’ ಅಂತ ತಾನೇ? ಮೊದಲು ಸಿಡೀತು ಅಂದು, ಆಮೇಲೆ ಹಾರಿಸಿದೆ ಅಂದರೆ ನಂಬುವವರು ಯಾರು? ಆತ್ಮರಕ್ಷಣೆ ಅಂತ ತೋರಿಸುವ ಹೊಣೆ ಆರೋಪಿಯ ಮೇಲೇ ಇದೆ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹೀಗೇ ನಡೆದಿರುವ ಸಾಧ್ಯತೆ ಜಾಸ್ತಿ ಅಂತ ಕೋರ್ಟಿಗೆ ಅನ್ನಿಸಿದರೆ ಸಾಕು. ಹಾಗೆ ಅನ್ನಿಸಬೇಕಾದರೆ ಒಡೆದ ಬಾಗಿಲು, ಬಿದ್ದ ಕತ್ತಿ, ರಕ್ತ ಎಲ್ಲ ಇದ್ದಲ್ಲೇ ಇರಬೇಕು. ಬಕೆಟ್ ಹೊರಗಿಡಿಸಿದೆ.

112ಕ್ಕೆ ಮಾಡುವ ಫೋನ್ ಚಿಕ್ಕದಾಗಿರಲಿ. ಮನೆಗೆ ನುಗ್ಗಿದರು, ಕತ್ತಿಯಿಂದ ಹೊಡೆದರು, ಗುಂಡು ಹಾರಿಸಿದೆ, ಆಂಬುಲೆನ್ಸ್ ಕಳಿಸಿ. ಉಳಿದದ್ದು ವಕೀಲರ ಜೊತೆ ಮಾತಾಡಿದ ಮೇಲೆ. ಕೈ ನಡುಗುತ್ತಿರುವಾಗ ಎಷ್ಟು ಅಡಿ ದೂರ, ಎಷ್ಟು ಸೆಕೆಂಡ್ ಅಂತ ಅಂದಾಜಿನಲ್ಲಿ ಹೇಳಿದ ಮಾತು ಆಮೇಲೆ ಕಾಡುತ್ತದೆ.

ಆ ಯಜಮಾನರದು ಜೋಡುನಳಿಗೆ ಕೋವಿ. ಮೇಜಿನ ಮೇಲಿತ್ತು. ಒಂದು ನಳಿಗೆಯ ತೋಟಾ ಹಾರಿತ್ತು, ಇನ್ನೊಂದರಲ್ಲಿ ತೋಟಾ ಹಾಗೇ ಇತ್ತು. ಅದನ್ನು ತೆಗೆದಿಡೋಣ ಅಂತ ಒಬ್ಬರು ಕೈ ಚಾಚಿದರು, ತಡೆದೆ. ಓಡುವವನ ಬೆನ್ನಿಗೆ ಇವರು ಗುರಿ ಇಡಲಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಅಪಾಯ ಮುಗಿದ ಮೇಲೆ ಹಾರಿಸುವ ಗುಂಡಿಗೆ ಕಾನೂನಿನ ರಕ್ಷಣೆ ಇಲ್ಲ. ಪೊಲೀಸರು ಬಂದ ಕೂಡಲೇ, ಒಂದು ನಳಿಗೆ ತುಂಬಿದೆ, ಜೋಪಾನ ಅಂದೆವು. ಮಹಜರಿನಲ್ಲಿ ಸುಮ್ನೆ ‘ಜೋಡುನಳಿಗೆ ಕೋವಿ ಒಂದು’ ಅಂತ ಬರೆಯುತ್ತಿದ್ದರು. ಹಾರದ ತೋಟಾವನ್ನೂ ಬರೆಯಿರಿ ಅಂತ ಪಟ್ಟು ಹಿಡಿದೆ, ಬರೆದರು. ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಜಪ್ತಿಯ ವಿಡಿಯೊ ಆಗಲೇಬೇಕು, ಅದನ್ನೂ ಕೇಳಿ ಮಾಡಿಸಿದೆ.

ಠಾಣೆಯಲ್ಲಿ ಯಜಮಾನರ ಮೇಲೇ ಕೊಲೆಯತ್ನದ ಕೇಸು ಹಾಕಿದರು. ಹೆಂಡತಿ ಅಲ್ಲೇ ಕುಸಿದು ಕೂತರು. ತನ್ನ ಮನೆಯಲ್ಲಿ ಪೆಟ್ಟು ತಿಂದವನೇ ಲಾಕಪ್ಪಿಗೆ ಹೋಗೋದು ನೋಡಿದರೆ ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಬಂಧನ ಅಂದರೆ ತೀರ್ಪಲ್ಲ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು, ವಿಚಾರಣೆ ವೇಳೆ ವಕೀಲರನ್ನು ನೋಡುವ ಹಕ್ಕಿದೆ, ಖಾಲಿ ಕಾಗದಕ್ಕೆ ಸಹಿ ಹಾಕಲೇಬಾರದು. ಯಜಮಾನರ ಕೈಗೆ ಬಟ್ಟೆ ಸುತ್ತಿದ್ದರು, ‘ಸಣ್ಣ ಗಾಯ ಬಿಡಿ’ ಅನ್ನುತ್ತಿದ್ದರು. ಸರ್ಕಾರಿ ವೈದ್ಯರಿಗೆ ತೋರಿಸಿ ಗಾಯದ ಸರ್ಟಿಫಿಕೇಟ್ ಬರೆಸಿದೆವು.

ಪಂಜಾಬಿನ ದರ್ಶನ್ ಸಿಂಗ್ ಕೇಸು ನೋಡಿ. ಜಮೀನು ಜಗಳದಲ್ಲಿ ತಂದೆಯ ಮೇಲೆ ಹಲ್ಲೆಯಾದಾಗ ಮಗ ಗುಂಡು ಹಾರಿಸಿದ್ದ. ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಅದು ಆತ್ಮರಕ್ಷಣೆ ಅಂತ ಬಿಡುಗಡೆ ಮಾಡಿತು.

ಇನ್ನೊಂದು ಕೆಲಸ ಬಹಳ ಜನ ಮರೆಯುತ್ತಾರೆ. ನಿಮ್ಮ ಕಡೆಯಿಂದಲೂ ದೂರು ಕೊಡಿ, ಎಫ್‌ಐಆರ್ ಪ್ರತಿ ಕೇಳಿ ತಗೊಳ್ಳಿ. ಇಲ್ಲದಿದ್ದರೆ ದಾಖಲೆಯಲ್ಲಿ ನೀವು ಬರೀ ಆರೋಪಿ. ಇವರ ಹೆಂಡತಿ ಅದೇ ರಾತ್ರಿ ದೂರು ಬರೆದುಕೊಟ್ಟರು, ಸುಲಿಗೆ ಯತ್ನದ ಕೇಸು ದಾಖಲಾಯಿತು. ಯಜಮಾನರು ಜಾಮೀನಿನ ಮೇಲೆ ಹೊರಗಿದ್ದಾರೆ. ಎರಡೂ ಕೇಸನ್ನು ಒಬ್ಬರೇ ನ್ಯಾಯಾಧೀಶರು ಕೇಳಲಿ ಅಂತ ಈಗ ಅರ್ಜಿ ಹಾಕಿದ್ದೇವೆ.