ಬಿಳಿ ಶಾಯಿಯಲ್ಲಿ ರಂಪಣಿ

ಕಾರವಾರದ ಕಡಲತೀರದಲ್ಲಿ ರಂಪಣಿಯನ್ನು, ಅಂದರೆ ಹಲವರು ಸೇರಿ ಹಗ್ಗ ಹಿಡಿದು ದಡಕ್ಕೆ ತರುವ ದೊಡ್ಡ ಮೀನುಬಲೆಯನ್ನು, ಎಳೆಯುವವರ ಫೋಟೋವನ್ನು ಟೀ ಶರ್ಟಿಗೆ ಇಳಿಸಿಕೊಡಬೇಕೆಂದು ಆ ತಂಡದ ಹುಡುಗರು ಕೇಳಿದಾಗ ನಾನು ಹಾಕಿದ ಷರತ್ತು ಇಷ್ಟೇ: ಕಡು ನೀಲಿ ಬಟ್ಟೆ, ಬಿಳಿ ಶಾಯಿ, ಬೇರೆ ಬಣ್ಣವಿಲ್ಲ. ನನ್ನದು ಸ್ಕ್ರೀನ್ ಪ್ರಿಂಟಿಂಗ್; ಸ್ಕ್ರೀನ್ ಎಂದರೆ ಚೌಕಟ್ಟಿಗೆ ಬಿಗಿದ ಜಾಲರಿ, ಅದರ ಮೂಲಕ ಶಾಯಿ ಬಟ್ಟೆಗೆ ಇಳಿಯುತ್ತದೆ. ಬಣ್ಣ ಹೆಚ್ಚಿದಷ್ಟೂ ಸ್ಕ್ರೀನ್ ಹೆಚ್ಚು, ಖರ್ಚೂ ಹೆಚ್ಚು. ಆದರೆ ನನ್ನ ಹಟಕ್ಕೆ ಕಾರಣ ಅದಲ್ಲ. ಶಾಯಿ ಒಂದೇ ಆದಾಗ ಬಟ್ಟೆಯೂ ಚಿತ್ರಕ್ಕೆ ಇಳಿಯುತ್ತದೆ. ನೀಲಿಯನ್ನು ಹಾಗೇ ಬಿಟ್ಟರೆ ಸಾಕು, ಅದೇ ಸಮುದ್ರ.

ಫೋಟೋದಲ್ಲಿ ಸಂಜೆಯ ಓರೆ ಬಿಸಿಲು. ಬರೀ ಕಪ್ಪು ಬಿಳುಪಾಗಿ ಕತ್ತರಿಸಿದರೆ ತೋಳಿನ ನರ, ಹಗ್ಗದ ಹುರಿ ಎಲ್ಲವೂ ಮಾಯವಾಗಿ ಮನುಷ್ಯರು ಮುದ್ದೆಯಾಗುತ್ತಾರೆ. ಅದಕ್ಕೇ ಹಾಫ್‌ಟೋನ್: ನೆರಳು ಬೆಳಕನ್ನು ಸಣ್ಣ ದೊಡ್ಡ ಚುಕ್ಕಿಗಳಾಗಿ ಒಡೆಯುವ ವಿಧಾನ. ಚುಕ್ಕಿಗಳು ಇಂಚಿಗೆ 45 ಸಾಲು, 22.5 ಡಿಗ್ರಿ ಓರೆ. ಓರೆ ಏಕೆಂದರೆ, ಚುಕ್ಕಿಗಳ ಸಾಲು ಸ್ಕ್ರೀನಿನ ಎಳೆಗಳ ಜೊತೆ ಸರಿಹೊಂದಿ ನಿಂತರೆ ಚಿತ್ರದ ಮೇಲೆ ಬೇಡದ ಪಟ್ಟೆಗಳು ಏಳುತ್ತವೆ. ಗಾಢ ಬಟ್ಟೆಯ ಮೇಲೆ ಶಾಯಿ ಬೀಳಬೇಕಾದದ್ದು ಬೆಳಕಿರುವ ಕಡೆ. ಆದ್ದರಿಂದ ಫಿಲ್ಮ್, ಅಂದರೆ ಚಿತ್ರವನ್ನು ಸ್ಕ್ರೀನಿಗೆ ಇಳಿಸುವ ಪಾರದರ್ಶಕ ಹಾಳೆ, ತೆಗೆಯುವ ಮೊದಲು ಚಿತ್ರದ ಕಪ್ಪು ಬಿಳುಪನ್ನು ಅದಲುಬದಲು ಮಾಡಬೇಕು. ಇಲ್ಲವಾದರೆ ಮುಖಗಳು ಹಳೆಯ ನೆಗೆಟಿವ್‌ನಂತೆ ಕಾಣುತ್ತವೆ.

ಅಚ್ಚಿಗೆ ಸವೆದಂಥ ಒರಟುತನ ಕೊಡಲು ಅಂತರ್ಜಾಲದಲ್ಲಿ ಸಿಗುವ ಸಿದ್ಧ ಗೀರು, ಮಚ್ಚೆಗಳನ್ನು ನಾನು ಬಳಸುವುದಿಲ್ಲ. ನಮ್ಮ ಪಾಗಾರದ ಚಿರೆಕಲ್ಲಿನದೇ ಫೋಟೋ ಹತ್ತಿರದಿಂದ ತೆಗೆದು, ಅದರ ತೂತುಗಳ ಆಕಾರದಲ್ಲಿ ಶಾಯಿಯನ್ನು ಅಲ್ಲಲ್ಲಿ ಕಳೆದೆ. ಆಕಾಶದಲ್ಲಿ, ಅಂಚುಗಳಲ್ಲಿ ಧಾರಾಳವಾಗಿ. ಮುಖ ಮತ್ತು ಕೈಗಳ ಮೇಲೆ ಒಂದೂ ಇಲ್ಲ. ದುಡಿಯುವ ಕೈಯನ್ನು ಅಲಂಕಾರಕ್ಕಾಗಿ ಅಳಿಸಬಾರದು. ಹೀಗೆ ಶಾಯಿ ಕಳೆಯುವುದರಿಂದ ಇನ್ನೊಂದು ಲಾಭವೂ ಉಂಟು. ಕರಾವಳಿಯ ಬೆವರಿನಲ್ಲಿ ಎದೆಯ ಮೇಲೆ ದಪ್ಪ ಶಾಯಿಯ ಹಾಳೆ ಹೊತ್ತು ತಿರುಗುವುದು ಹಿಂಸೆ. ಶಾಯಿ ಕಡಿಮೆಯಾದರೆ ಬಟ್ಟೆಗೆ ಗಾಳಿಯಾಡುತ್ತದೆ.

ಮಳೆಗಾಲದಲ್ಲಿ ಸ್ಕ್ರೀನಿಗೆ ಬಳಿದ ಎಮಲ್ಷನ್, ಅಂದರೆ ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಲೇಪ, ಬೇಗ ಒಣಗುವುದಿಲ್ಲ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ; ಒಳಗೆ ತೇವ ಉಳಿದಿದ್ದರೆ ಬೆಳಕಿಗೆ ಗಟ್ಟಿಯಾಗದೆ, ತೊಳೆಯುವಾಗ ಸಣ್ಣ ಚುಕ್ಕಿಗಳೆಲ್ಲ ಕೊಚ್ಚಿಹೋಗುತ್ತವೆ. ರಾತ್ರಿಯಿಡೀ ಫ್ಯಾನಿನ ಮುಂದೆ ಇಟ್ಟು ಬೆಳಗ್ಗೆ ಫಿಲ್ಮ್ ಇಟ್ಟು ಬೆಳಕು ಕೊಟ್ಟೆ. ನೀರು ಹಾಯಿಸಿ ಸ್ಕ್ರೀನನ್ನು ಕಿಟಕಿಗೆ ಹಿಡಿದಾಗ ಮೊದಲು ತೆರೆದುಕೊಂಡದ್ದು ಹಗ್ಗ, ಆಮೇಲೆ ಅದನ್ನು ಹಿಡಿದ ಬೆರಳುಗಳು, ಕೊನೆಗೆ ಉಗುರಿನ ಮೇಲಿನ ಬೆಳಕು. ಈ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷವಿಲ್ಲ.

ಗಾಢ ಬಟ್ಟೆಗೆ ಬಿಳಿಯನ್ನು ಎರಡು ಸಲ ಎಳೆಯುವುದು ವಾಡಿಕೆ. ಹಾಗೆ ಮಾಡಿದರೆ ಚುಕ್ಕಿಗಳು ಊದಿಕೊಂಡು ನೆರಳು ಮುಚ್ಚಿಹೋಗುತ್ತದೆ. ಒಂದೇ ಸಲ ಎಳೆದೆ. ಬಿಳಿ ತುಸು ನೀಲಿಗೆ ತಿರುಗಿತು, ಅದೇ ಚೆಂದ ಕಂಡಿತು. ತಂಡದ ಹಿರಿಯರೊಬ್ಬರು ಶರ್ಟನ್ನು ಹರಡಿಕೊಂಡು ಹಗ್ಗದ ಉದ್ದಕ್ಕೂ ಬೆರಳಾಡಿಸಿ, “ಬಲೆಯಲ್ಲಿ ಮೀನಿದೆ, ಹಗ್ಗ ಹೇಳುತ್ತದೆ” ಎಂದರು.

ಈಗ ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಚಿತ್ರಗಳ ಮೇಲೆ ಕಣ್ಣಿದೆ. ಕಾವಿಯೂ ಒಂದೇ ಬಣ್ಣದ ಕಲೆ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೊರೆದಾಗ ಒಳಗಿನ ಬಿಳಿ ಗೆರೆಯಾಗಿ ಹೊಮ್ಮುತ್ತದೆ. ಗೆರೆಗಳೇ ಎಲ್ಲವೂ ಆದ್ದರಿಂದ ಅದಕ್ಕೆ ಹಾಫ್‌ಟೋನ್ ಬೇಕಿಲ್ಲ. ಬಿಳಿ ಬಟ್ಟೆಗೆ ಹೊಂದುವ ಆ ಕೆಂಪನ್ನು ಬೆರೆಸಿ ನೋಡುತ್ತಿದ್ದೇನೆ. ಗಾರೆಯಲ್ಲಿ ಬಿರುಕು ಕಂಡರೆ ಅದನ್ನೂ ಹಾಗೆಯೇ ಅಚ್ಚಿಗೆ ತರುತ್ತೇನೆ.