ಉಕ್ಕಿನ ಮೇಲೆ ಹುಲಿಪಟ್ಟೆ: ಕೋಫ್ತ್‌ಗರಿ ಪ್ರಯೋಗದ ಮೂರನೆಯ ತಗಡು

ಟಿಪ್ಪು ಸುಲ್ತಾನನಿಗಾಗಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಬಂದೂಕುಗಳ ಮೇಲೆ ಚಿನ್ನ ಬೆಳ್ಳಿಗಳಲ್ಲಿ ಮೂಡಿರುವ ‘ಬಬ್ರಿ’ ಅಲಂಕಾರವನ್ನು, ಅಂದರೆ ಹುಲಿಪಟ್ಟೆಯನ್ನು, ಉಕ್ಕಿನ ತಗಡಿನ ಮೇಲೆ ಕೈಯಾರೆ ಮಾಡಿ ನೋಡಬೇಕೆಂದು ಆರಂಭಿಸಿದ ಕೆಲಸವಿದು. ಬಂದೂಕು ಮಾಡುವುದು ನನ್ನ ಉದ್ದೇಶವಲ್ಲ. ನನಗೆ ಬೇಕಾದದ್ದು ಅದರ ಮೈಮೇಲಿನ ಕುಸುರಿ, ಅಂದರೆ ಉಕ್ಕಿನ ಮೇಲೆ ಚಿನ್ನ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ ಕೋಫ್ತ್‌ಗರಿ ಮಾತ್ರ. ಆದ್ದರಿಂದ 10 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ತಗಡುಗಳಿಗೇ ತೃಪ್ತನಾಗಿದ್ದೇನೆ.

ಪಟ್ಟೆಯ ನಕ್ಷೆಗಾಗಿ ಬಹಳ ದೂರ ಹೋಗಬೇಕಾಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯಿರುವ ಗುಂಬಜ್‌ನ ಒಳಗೋಡೆಗಳ ತುಂಬ ಅದೇ ಹುಲಿಪಟ್ಟೆಯ ಚಿತ್ತಾರವಿದೆ. ಅದನ್ನು ನೋಡಿ ಬರೆದುಕೊಳ್ಳುವಾಗ ಗಮನಿಸಿದ್ದೆಂದರೆ, ಪಟ್ಟೆ ಎಲ್ಲಿಯೂ ಒಂದೇ ದಪ್ಪದಲ್ಲಿ ಸಾಗುವುದಿಲ್ಲ. ನಡುವೆ ಉಬ್ಬಿ, ಬಳುಕಿ, ಎರಡೂ ತುದಿಗಳಲ್ಲಿ ಜ್ವಾಲೆಯಂತೆ ಚೂಪಾಗುತ್ತದೆ. ಆ ಚೂಪು ತುದಿಯೇ ನನ್ನ ಮೊದಲೆರಡು ತಗಡುಗಳನ್ನು ಕೆಡಿಸಿತು.

ಕೋಫ್ತ್‌ಗರಿಯ ‘ಕೋಫ್ತ್’ ಎಂಬುದಕ್ಕೆ ಪಾರ್ಸಿಯಲ್ಲಿ ಬಡಿಯುವುದು, ಜಜ್ಜುವುದು ಎಂಬ ಅರ್ಥವಿದೆ. ನಮ್ಮ ತಟ್ಟೆಗೆ ಬರುವ ಕೋಫ್ತಾ ಕೂಡ ಅದೇ ಬೇರಿನ ಪದ. ಬೀದರಿನ ಬಿದ್ರಿ ಕೆಲಸವನ್ನು ಬಲ್ಲವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಬಿದ್ರಿಯಲ್ಲಿ ಸತುವು ಹೆಚ್ಚಾಗಿರುವ ಮೆದು ಮಿಶ್ರಲೋಹವನ್ನು ಆಳವಾಗಿ ಕೊರೆದು ಬೆಳ್ಳಿಯನ್ನು ಕುಳ್ಳಿರಿಸುತ್ತಾರೆ. ಕೋಫ್ತ್‌ಗರಿಯಲ್ಲಿ ಅಂತಹ ಕುಳಿಯೇ ಇರುವುದಿಲ್ಲ. ಉಕ್ಕಿನ ಮೇಲ್ಮೈಯನ್ನು ಎರಡು ಮೂರು ದಿಕ್ಕುಗಳಿಂದ ಒತ್ತೊತ್ತಾಗಿ ಗೀರಿ, ಹೀಗೆ ಎದ್ದ ಸೂಕ್ಷ್ಮ ಮುಳ್ಳುಗಳ ಮೇಲೆ ತಂತಿಯನ್ನಿಟ್ಟು ಬಡಿದಾಗ ಮೆತ್ತನೆಯ ಲೋಹ ಅವುಗಳ ಸಂದಿಗಿಳಿದು ಕಚ್ಚಿಕೊಳ್ಳುತ್ತದೆ. ಅಂಟು ಇಲ್ಲ, ಬೆಸುಗೆಯೂ ಇಲ್ಲ.

ಮೊದಲ ತಗಡಿನಲ್ಲಿ ನನ್ನ ಗೀರುಗಳು ಮಿಲಿಮೀಟರಿಗೆ ಮೂರರಂತಿದ್ದವು. 0.25 ಮಿ.ಮೀ. ದಪ್ಪದ ಶುದ್ಧ ಬೆಳ್ಳಿಯ ತಂತಿಯನ್ನು ಬಡಿದಾಗ ಚೆನ್ನಾಗಿಯೇ ಕುಳಿತಂತೆ ಕಂಡಿತು, ಆದರೆ ಹೊಳಪಿಗಾಗಿ ಅಕೀಕ್ (ಅಗೇಟ್) ಕಲ್ಲಿನಿಂದ ಉಜ್ಜಿದೊಡನೆ ಇಡೀ ಪಟ್ಟೆ ಸಿಪ್ಪೆಯಂತೆ ಎದ್ದು ಬಂತು. ಎರಡನೆಯದರಲ್ಲಿ ಗೀರುಗಳನ್ನು ಐದಕ್ಕೆ ಏರಿಸಿದೆ. ಪಟ್ಟೆಯ ಒಡಲು ನಿಂತಿತು, ಚೂಪು ತುದಿಗಳು ಮಾತ್ರ ನಿಲ್ಲಲಿಲ್ಲ. ಕಾರಣ ಹುಡುಕಿದಾಗ ತಪ್ಪು ನನ್ನ ಅಚ್ಚುಕಟ್ಟುತನದಲ್ಲೇ ಇತ್ತು: ಗೀರುಗಳನ್ನು ನಕ್ಷೆಯ ಅಂಚಿನಲ್ಲಿ ನಿಲ್ಲಿಸಿದ್ದರಿಂದ ತುದಿಯ ತಂತಿಗೆ ಹಿಡಿತವೇ ಇರಲಿಲ್ಲ. ಹಳೆಯ ನಳಿಗೆಗಳ ಹತ್ತಿರದ ಛಾಯಾಚಿತ್ರಗಳನ್ನು ಮತ್ತೊಮ್ಮೆ ನೋಡಿದೆ. ಚಿನ್ನ ಸವೆದ ಕಡೆಗಳಲ್ಲಿ ಗೀರುಗಳು ಹೂಬಳ್ಳಿಯ ಅಂಚನ್ನು ದಾಟಿ ಹರಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ಹೊರಗುಳಿದ ಗೀರುಗಳನ್ನು ಕುಶಲಕರ್ಮಿಗಳು ಕೊನೆಯಲ್ಲಿ ಉಜ್ಜಿ ಅಡಗಿಸುತ್ತಿದ್ದರು. ಅಂದಿನಿಂದ ಹೊಳಪು ಕಳೆದುಕೊಂಡ ಹಳೆಯ ಬಂದೂಕುಗಳೇ ನನಗೆ ಹೆಚ್ಚು ಪ್ರಿಯವಾಗಿವೆ, ಏಕೆಂದರೆ ಅಖಂಡವಾಗಿ ಮಿನುಗುವ ನಳಿಗೆ ತನ್ನ ಕೆಲಸವನ್ನು ಬಚ್ಚಿಡುತ್ತದೆ.

ಮೂರನೆಯ ತಗಡಿನಲ್ಲಿ ಗೀರುಗಳನ್ನು ಅಂಚಿನಿಂದ ಒಂದು ಮಿಲಿಮೀಟರ್ ಹೊರಗೆ ಹರಡಿದೆ, ತಂತಿಯನ್ನು ಮುಟ್ಟುವ ಮೊದಲು ಬೆರಳಿನ ಜಿಡ್ಡನ್ನು ಒರೆಸಿಕೊಂಡೆ, ಅಂಚಿನಿಂದ ಒಳಕ್ಕೆ ಸುತ್ತುತ್ತ ಬಡಿದೆ. ಹನ್ನೊಂದು ಪಟ್ಟೆಗಳಲ್ಲಿ ಒಂಬತ್ತು ಉಜ್ಜುವಿಕೆಯನ್ನು ತಾಳಿಕೊಂಡವು. ಬಳಿಕ ತಗಡನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಉಕ್ಕು ಹೊಂಬಣ್ಣಕ್ಕೆ, ನೇರಳೆಗೆ, ಕೊನೆಗೆ ಕಡುನೀಲಿಗೆ ತಿರುಗಿ, ಬೆಳ್ಳಿ ಮಾತ್ರ ಬಿಳುಪಾಗಿಯೇ ಉಳಿಯಿತು. ಆ ನೀಲಿಯ ಮೇಲೆ ಪಟ್ಟೆ ಮೊದಲ ಬಾರಿಗೆ ಹುಲಿಯದೆಂದು ಅನ್ನಿಸಿತು.

ಮೂಲೆಯಲ್ಲಿ ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ 1215ನೆಯ ವರ್ಷವನ್ನು, ಅಂದರೆ ಕ್ರಿ.ಶ. 1787ರ ಸುಮಾರನ್ನು, ಅವನ ನಾಣ್ಯಗಳಲ್ಲಿರುವಂತೆ ಬಲದಿಂದ ಎಡಕ್ಕೆ ಓದುವ ಅಂಕಿಗಳಲ್ಲಿ ಕೂರಿಸಿದ್ದೇನೆ. ನೋಡಿದ ಗೆಳೆಯರೊಬ್ಬರು ಅಂಕಿಗಳು ತಿರುವುಮುರುವಾಗಿವೆ ಎಂದು ತಿದ್ದಲು ಬಂದರು.

ಬಿಟ್ಟುಹೋದ ಎರಡು ಪಟ್ಟೆಗಳೂ ತಗಡಿನ ಎಡತುದಿಯಲ್ಲಿವೆ. ಅಷ್ಟು ಹೊತ್ತಿಗೆ ಗೀರುವ ಉಳಿಯ ಮೊನೆ ಮೊಂಡಾಗಿದ್ದಿರಬೇಕು. ನಾಲ್ಕನೆಯ ತಗಡಿನಲ್ಲಿ ಪ್ರತಿ ಎರಡು ಪಟ್ಟೆಗಳಿಗೊಮ್ಮೆ ಮಸೆಯುತ್ತೇನೆ.