ಏಳು ದಿನದ ಕತ್ತಲಲ್ಲಿ ತಿದ್ದಿದ ಕಥೆ

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಕೊಡಗಿನ ಶಾಂತಳ್ಳಿ ಕಡೆ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಆ ರಾತ್ರಿ ತೋಟದಲ್ಲಿ ಮರ ಬಿದ್ದ ಸದ್ದು ಕೇಳಿತು, ಅದರ ಬೆನ್ನಿಗೇ ಕರೆಂಟ್ ಹೋಯಿತು. ಬೆಳಿಗ್ಗೆ ದೂರದಿಂದ ನೋಡಿದೆ. ದೊಡ್ಡ ಸಿಲ್ವರ್ ಮರವೊಂದು ಬುಡಸಮೇತ ಕಿತ್ತು ಲೈನಿನ ಮೇಲೆ ಮಲಗಿತ್ತು. ಎರಡು ಕಂಬ ಮುರಿದಿದ್ದವು. ಒಂದು ತಂತಿ ಕಾಫಿ ಗಿಡಗಳ ನಡುವೆ ಸುರುಳಿಯಾಗಿ ಬಿದ್ದಿತ್ತು.

ಆಗ ನಾನೊಂದು ನೀಳ್ಗತೆ ಬರೆಯುತ್ತಿದ್ದೆ. ಒಂದೇ ರಾತ್ರಿಯಲ್ಲಿ ಇಡೀ ದಕ್ಷಿಣ ಭಾರತ ಕತ್ತಲಾಗುವ ಕಥೆ. ಪುಷ್ಪಗಿರಿ ತಪ್ಪಲಲ್ಲಿ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಹತ್ತು ಸೆಕೆಂಡಿನಲ್ಲಿ ಬೆಂಗಳೂರು ಕತ್ತಲು. ಬಿದ್ದ ಮರ ನೋಡಿದಾಗ ನನ್ನ ಮೊದಲ ಪುಟವೇ ಕಣ್ಣೆದುರು ನಿಂತ ಹಾಗಾಯಿತು.

ಮಳೆಗೆ ಸಿಕ್ಕಿಕೊಂಡು ಮಾವ ನಮ್ಮ ಮನೆಯಲ್ಲೇ ಉಳಿದಿದ್ದರು. ಸಬ್‌ಸ್ಟೇಷನ್‌ನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಒಲೆಯ ಮುಂದೆ ಕೂತು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಇದು ಆಗಲ್ಲ ಮಗ” ಅಂದರು. “ಇದು ಹನ್ನೊಂದು ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ಸಣ್ಣ ಲೈನು. ಮರ ಬಿದ್ದರೆ ಸಬ್‌ಸ್ಟೇಷನ್‌ನಲ್ಲಿ ಈ ಫೀಡರ್, ಅಂದರೆ ನಮ್ಮ ಕಡೆ ಬರೋ ಲೈನು ಮಾತ್ರ ಟ್ರಿಪ್ ಆಗುತ್ತೆ, ತಾನೇ ಕಟ್ ಆಗುತ್ತೆ. ಬೆಂಗಳೂರಿಗೆ ಗೊತ್ತೂ ಆಗಲ್ಲ.”

ಮತ್ತೆ ಹೇಗಾಗುತ್ತದೆ ಅಂತ ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ. ಪಕ್ಕದ ತೋಟದ ಜನರೇಟರ್ ಶೆಡ್ಡಿಗೆ ಕರೆದುಕೊಂಡು ಹೋದರು.

ಡೀಸೆಲ್ ಜನರೇಟರ್ ಓಡುತ್ತಿತ್ತು. “ಸದ್ದು ಕೇಳು” ಅಂದರು. ನೀರಿನ ಮೋಟರ್ ಹಾಕಿದರು. ಇಂಜಿನ್ ಸದ್ದು ಒಮ್ಮೆಲೇ ದಪ್ಪವಾಯಿತು, ಬಲ್ಬು ಮಂಕಾಯಿತು, ಆಮೇಲೆ ಚೇತರಿಸಿಕೊಂಡಿತು. ಏರು ದಾರಿಯಲ್ಲಿ ಲೋಡ್ ಜೀಪು ಏದುಸಿರು ಬಿಡುವ ಹಾಗೆ. ಮೋಟರ್ ತೆಗೆದ ಕೂಡಲೇ ಇಂಜಿನ್ ಒಂದು ಕ್ಷಣ ಕಿರುಚಿ ಓಡಿತು. ಗ್ರಿಡ್, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ಲೈನುಗಳ ಜಾಲ, ಅದೂ ಹೀಗೇ ಅಂತೆ. ದೇಶದ ದೊಡ್ಡ ಜನರೇಟರ್‌ಗಳೆಲ್ಲ ಒಂದೇ ತಾಳದಲ್ಲಿ, ಸೆಕೆಂಡಿಗೆ 50 ಆವರ್ತದಂತೆ ಓಡಬೇಕು. ಎಳೆಯುವವರು ಜಾಸ್ತಿಯಾದರೆ ತಾಳ ಇಳಿಯುತ್ತದೆ. ತೀರಾ ಇಳಿದರೆ ಯಂತ್ರ ಹಾಳಾಗದಿರಲಿ ಅಂತ ಒಂದೊಂದೇ ಜನರೇಟರ್ ತಾನೇ ಕಳಚಿಕೊಳ್ಳುತ್ತದೆ. ಆಗ ಉಳಿದವುಗಳ ಮೇಲೆ ಇನ್ನೂ ಭಾರ.

ಮಾವ ಮತ್ತೆ ಮತ್ತೆ ಹೇಳಿದ್ದು 2012ರ ಕಥೆ. ಜುಲೈ 30ರ ನಸುಕಿನಲ್ಲಿ ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನ್ ಟ್ರಿಪ್ ಆಯಿತು. ಮರ ಬಿದ್ದಿರಲಿಲ್ಲ, ಸಿಡಿಲು ಹೊಡೆದಿರಲಿಲ್ಲ. ಅಕ್ಕಪಕ್ಕದ ಕೆಲವು ಲೈನ್ ಮೊದಲೇ ಬಂದ್ ಆಗಿದ್ದವು. ಭಾರವೆಲ್ಲ ಇದರ ಮೇಲೆ ಬಿತ್ತು. ಲೈನಿನ ಕಾವಲಿಗೆ ಇಟ್ಟಿದ್ದ ರಿಲೇ ಅನ್ನುವ ಸಾಧನ ಆ ಭಾರವನ್ನೇ ಫಾಲ್ಟ್, ಅಂದರೆ ಲೈನಿನ ದೋಷ ಅಂತ ತಿಳಿದು ಲೈನ್ ಕತ್ತರಿಸಿತು. ಕರೆಂಟ್ ಬೇರೆ ದಾರಿ ಹಿಡಿಯಿತು, ಆ ದಾರಿಗಳೂ ಟ್ರಿಪ್. ಉತ್ತರದ ಗ್ರಿಡ್ ಬಿತ್ತು. ಮಾರನೇ ದಿನ ಮಧ್ಯಾಹ್ನ ಅದೇ ಲೈನಿಂದ ಮತ್ತೆ ಶುರುವಾಗಿ ಉತ್ತರ, ಪೂರ್ವ, ಈಶಾನ್ಯ ಮೂರೂ ಕತ್ತಲು. 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ! ರೈಲುಗಳು ದಾರಿಯಲ್ಲೇ ನಿಂತವು.

ನಮಗೆ ಆಗ ಏನೂ ಆಗಲಿಲ್ಲ. ದಕ್ಷಿಣದ ಗ್ರಿಡ್ ಬೇರೆ ತಾಳದಲ್ಲಿ ಓಡುತ್ತಿತ್ತು. ರಾಯಚೂರು–ಸೊಲ್ಲಾಪುರ 765 ಕೆವಿ ಲೈನ್ ಅದನ್ನು ಉಳಿದ ದೇಶಕ್ಕೆ ಜೋಡಿಸಿದ್ದು 2013ರ ಡಿಸೆಂಬರ್ 31ರಂದು. “ನಿನ್ನ ಕಥೆ ಈಗ ನಡೆಯೋದಾದರೆ, ದಕ್ಷಿಣ ಒಂದೇ ಹೇಗೆ ಕತ್ತಲಾಯಿತು ಅಂತ ನೀನು ಹೇಳಬೇಕು” ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಜೋಡಣೆ ಮೊದಲು ಹರಿಯಬೇಕು, ಅಲ್ವಾ?

ಮರದ ಆಸೆ ಮಾತ್ರ ಬಿಡಲಾಗಲಿಲ್ಲ. ಅದಕ್ಕೂ ದಾರಿ ಕೊಟ್ಟರು. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಭಾರ ಹೊತ್ತ ದೊಡ್ಡ ಲೈನುಗಳು ಕಾದು ಜೋತು ಮರಗಳಿಗೆ ತಾಗಿದವು. ಅದೇ ಹೊತ್ತಿಗೆ ಕಂಟ್ರೋಲ್ ರೂಮಿನ ಎಚ್ಚರಿಕೆ ಸಾಫ್ಟ್‌ವೇರ್ ಕೆಟ್ಟಿತ್ತು, ಕೂತವರಿಗೆ ಗೊತ್ತೇ ಆಗಲಿಲ್ಲ. ಕೆನಡಾವೂ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಅಂದರೆ ಮರವೂ ಬೇಕು, ಭಾರವೂ ಬೇಕು, ಯಾರೂ ನೋಡದ ಗಳಿಗೆಯೂ ಬೇಕು. ನನ್ನ ಕಥೆಯಲ್ಲಿ ಬರೀ ಮರ ಇತ್ತು.

ಮತ್ತೆ ಹೊತ್ತಿಸುವುದು ಇನ್ನೂ ಕಷ್ಟದ ಕೆಲಸ. ಕಲ್ಲಿದ್ದಲಿನ ಸ್ಥಾವರ ಶುರುವಾಗಲು ಅದಕ್ಕೇ ಕರೆಂಟ್ ಬೇಕು, ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿಗೆ. ನೀರಿನ ಸ್ಥಾವರಕ್ಕೆ ಬ್ಯಾಟರಿ, ಸಣ್ಣ ಡೀಸೆಲ್ ಜನರೇಟರ್ ಇದ್ದರೆ ಸಾಕು. ಗೇಟು ತೆರೆದರೆ ನೀರೇ ಚಕ್ರ ತಿರುಗಿಸುತ್ತದೆ. (ನಮ್ಮ ತಲಕಾವೇರಿಯ ನೀರು 1902ರಲ್ಲೇ ಶಿವನಸಮುದ್ರದಲ್ಲಿ ಚಕ್ರ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿತ್ತು. ಇದನ್ನು ಕಥೆಯಲ್ಲಿ ತರಲೇಬೇಕು ಅನ್ನಿಸಿತು.) ಆಮೇಲೆ ಒಂದೊಂದೇ ಊರು, ಅಳೆದು ಅಳೆದು.

ಏಳನೇ ದಿನ ಸಂಜೆ ಲೈನ್‌ಮ್ಯಾನ್ ಅಣ್ಣ ಒದ್ದೆ ರೈನ್‌ಕೋಟಿನಲ್ಲೇ ಗೇಟಿನ ಹತ್ತಿರ ಬಂದು, “ಲೈನ್ ಚಾರ್ಜ್ ಮಾಡ್ತೀವಿ, ಕರೆಂಟ್ ಬಿಡ್ತೀವಿ” ಅಂತ ಕೂಗಿ ಹೇಳಿದರು. ಮಾವ ಕೂಡಲೇ ಎದ್ದು ಫ್ರಿಜ್, ಮೋಟರ್, ಗೀಸರ್ ಎಲ್ಲದರ ಸ್ವಿಚ್ ತೆಗೆದರು. ಅಡುಗೆಮನೆಯ ಒಂದು ಬಲ್ಬು ಬಿಟ್ಟರು. ಕರೆಂಟ್ ಬಂತು, ಹೋಯಿತು. “ಎಲ್ಲರ ಮನೆ ಮೋಟರೂ ಹಾಕಿದ ಹಾಗೇ ಇರುತ್ತೆ. ಒಟ್ಟಿಗೇ ಎಳೆದರೆ ತಡೆಯಲ್ಲ” ಅಂದರು. ಸ್ವಲ್ಪ ಹೊತ್ತಿನ ಮೇಲೆ ಬಲ್ಬು ಮತ್ತೆ ಹೊತ್ತಿತು, ಈ ಸಲ ನಿಂತಿತು. ನಾನು ಅದರ ಕೆಳಗೇ ಕೂತು ಕೊನೆಯ ಅಧ್ಯಾಯವನ್ನು ಮೊದಲು ಬರೆದೆ. ಸ್ವಿಚ್ ಮುಟ್ಟಲು ಮಾವ ಇನ್ನೂ ಅರ್ಧ ಗಂಟೆ ಯಾರನ್ನೂ ಬಿಡಲಿಲ್ಲ.